ಬಾಣ ಒಳಗೆ ಬಿತ್ತಾ, ಇಲ್ವಾ? ನಮ್ಮ ಮನೆ ಗುಂಪಿನ ಒಂದು ಶನಿವಾರ

ಕಲಬುರಗಿಯ ನಮ್ಮ ಮನೆಯವರ ವಾಟ್ಸಾಪ್ ಗುಂಪು. 27 ಜುಲೈ 2024. ಹಿಂದಿನ ರಾತ್ರಿ 11 ಗಂಟೆಗೆ ಪ್ಯಾರಿಸ್ ಒಲಿಂಪಿಕ್ಸ್ ಉದ್ಘಾಟನೆ ಶುರುವಾಗಿತ್ತು, ನಮ್ಮಲ್ಲಿ ಅರ್ಧ ಮಂದಿ ನಿದ್ದೆಗೆಟ್ಟು ನೋಡಿದ್ದರು. ನಾನು ಸರ್ಕಾರಿ ಪ್ರೌಢಶಾಲೆಯಲ್ಲಿ ಪಿಟಿ ಟೀಚರ್. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೆಯೇ ಇವೆ.

ಆಳಂದ ಮಾಮಾ, 7:42
(ವಿಡಿಯೊ, ಫಾರ್ವರ್ಡ್ ಆಗಿ ಬಂದದ್ದು)
32 ವರ್ಷ ಜಗತ್ತನ್ನೇ ಮೂರ್ಖರನ್ನಾಗಿ ಮಾಡಿದ ಬಿಲ್ಲುಗಾರ! 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಜ್ಯೋತಿಯ ಕುಂಡ ಹೊತ್ತಿಸಲು ಬಿಟ್ಟ ಬಾಣ ಗುರಿ ತಪ್ಪಿತ್ತು! ಸತ್ಯ ಈಗ ಬಯಲು. ಎಲ್ಲರಿಗೂ ಕಳಿಸಿ.

ಆಳಂದ ಮಾಮಾ, 7:44
ಎಲ್ಲರೂ ನೋಡ್ರಿ. ನಿನ್ನೆ ಪ್ಯಾರಿಸ್‌ನಲ್ಲೂ ಇದೇ ಕಥೆ. ಒಲಿಂಪಿಕ್ ಜ್ಯೋತಿ ಅಂತ ಅಷ್ಟು ದೊಡ್ಡ ಬಲೂನು ಹಾರಿಸಿದರು. ಅದರ ಕೆಳಗೆ ಉರಿಯುತ್ತಿದ್ದದ್ದು ಬೆಂಕಿಯೇ ಅಲ್ಲವಂತೆ. ಬರೀ ಲೈಟು ಮತ್ತು ನೀರಿನ ಹನಿ.

ಸೇಡಂ ಅತ್ತಿ, 7:51
ಅಯ್ಯ ಶಿವನೇ. ನಾನು ಅದಕ್ಕೆ ಕೈ ಮುಗಿದಿದ್ದೆನಲ್ಲೋ.

ತಮ್ಮ, 7:58
ಬೆಂಕಿ ವಿಷಯ ಬಿಡಿ. ಆಟಗಾರರನ್ನೆಲ್ಲ ನದಿಯಲ್ಲಿ ದೋಣಿ ಮೇಲೆ ತಂದರಲ್ಲ, ನಮ್ಮ ದೋಣಿ ಎಲ್ಲಿತ್ತು? ಭಾರತದಿಂದ 117 ಆಟಗಾರರು ಹೋಗಿದ್ದಾರೆ. ಸಿಂಧು, ಶರತ್ ಕಮಲ್ ಬಾವುಟ ಹಿಡಿದು ನಿಂತದ್ದು ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ಹೋಯಿತು. ಎಲ್ಲರೂ ಮೈದಾನದೊಳಗೆ ನಡೆದು ಬಂದರೇನೇ ಚೆಂದ. ನದಿಯಲ್ಲಿ, ಅದೂ ಆ ಮಳೆಯಲ್ಲಿ, ಯಾರ ಮುಖವೂ ಸರಿಯಾಗಿ ಕಾಣಲಿಲ್ಲ.

ಬೀದರ್ ಅಕ್ಕ, 8:05
ಸಿಂಧು ಉಟ್ಟ ಸೀರೆ ನೋಡಿದೆಯಾ? ಪ್ರಿಂಟ್ ಹಾಕಿದ್ದು. ಈ ದೇಶದಲ್ಲಿ ಇಷ್ಟು ಮಗ್ಗ ಇದ್ದೂ ನೇಯ್ದ ಸೀರೆ ಒಂದು ಸಿಗಲಿಲ್ವಾ? ನನಗೆ ಅದೇ ಜಾಸ್ತಿ ಬೇಜಾರಾಯಿತು.

ನಾನು, 8:20
ಮಾಮಾ, ಆ ಬಿಲ್ಲುಗಾರನ ವಿಡಿಯೊ ತೆಗೆದುಬಿಡಿ.

ಆಳಂದ ಮಾಮಾ, 8:22
ಯಾಕವ್ವ? ಬಾಣ ಒಳಗೆ ಬಿದ್ದಿದೆಯಾ, ನೀನೇ ಹೇಳು. ನಾನು ನಿಲ್ಲಿಸಿ ನಿಲ್ಲಿಸಿ ಮೂರು ಸಲ ನೋಡಿದೆ. ಮೇಲಿಂದ ಹಾದು ಹೋಗಿದೆ.

ನಾನು, 8:31
ಒಳಗೆ ಬಿದ್ದಿಲ್ಲ ಮಾಮಾ. ಬೀಳಲಿ ಅಂತ ಬಿಟ್ಟದ್ದೂ ಅಲ್ಲ. ಆ ಕುಂಡ ಅಷ್ಟು ಎತ್ತರದಲ್ಲಿತ್ತು. ಅದರಲ್ಲಿ ಗ್ಯಾಸ್ ಇತ್ತು. ಉರಿಯುವ ಬಾಣ ಸ್ವಲ್ಪ ಮೊದಲೇ ಇಳಿದರೆ ಕೂತ ಜನರ ಮೇಲೆ ಬೀಳುತ್ತದೆ. ಅದಕ್ಕೇ ಕುಂಡದ ಮೇಲಿಂದ ದಾಟಿ ಕ್ರೀಡಾಂಗಣದ ಆಚೆ ಬೀಳುವ ಹಾಗೆ ಹೊಡೆಯಬೇಕು ಅಂತ ಮೊದಲೇ ಮಾತಾಗಿತ್ತು. ಅವರು ಹಾಗೆಯೇ ಹೊಡೆದರು. ಗುರಿ ಎಲ್ಲಿ ತಪ್ಪಿತು?

ನಾನು, 8:38
ಅವರ ಹೆಸರು ಆಂಟೋನಿಯೊ ರೆಬೊಲ್ಲೊ. ಕೂಸಿದ್ದಾಗಲೇ ಪೋಲಿಯೊ ಆಗಿತ್ತು. ಪ್ಯಾರಾಲಿಂಪಿಕ್ಸ್‌ನಲ್ಲಿ ಪದಕ ಗೆದ್ದವರು. ಆ ವಿಡಿಯೊವನ್ನೇ ಇನ್ನೊಂದು ಸಲ ನೋಡಿ, ಬಾಣ ಹೋದ ಮೇಲಲ್ಲ, ಹೋಗುವ ಮೊದಲು. ಬಾಸ್ಕೆಟ್‌ಬಾಲ್ ಆಟಗಾರ ಸ್ಯಾನ್ ಎಪಿಫಾನಿಯೊ ಪಂಜು ಹಿಡಿದು ಬರುತ್ತಾರೆ. ಬಾಣದ ತುದಿಗೆ ಬೆಂಕಿ ಹತ್ತುತ್ತದೆ. ಇವರು ಬಿಲ್ಲು ಎತ್ತಿ ಹೆದೆ ಎಳೆಯುತ್ತಾರೆ. ಬೆಂಕಿ ಕೈ ಹತ್ತಿರವೇ ಇದೆ, ಕೈ ಅಲುಗುವುದಿಲ್ಲ. ಜಗತ್ತೇ ನೋಡುತ್ತಿದೆ, ಇನ್ನೊಂದು ಸಲ ಹೊಡೆಯುತ್ತೇನೆ ಅಂತ ಕೇಳುವ ಹಾಗಿಲ್ಲ. ಇಂಥವರನ್ನು ಮೋಸಗಾರ ಅಂದರೆ ನನಗೆ ಸಹಿಸಲು ಆಗುತ್ತಿಲ್ಲ ಮಾಮಾ.

ಕಾಕಾ, 8:50
ಆಕೆ ಹೇಳುವುದು ಸರಿ ಇದೆ. ಆದರೆ ಜನರಿಗೂ ಹೇಳಬೇಕಿತ್ತು. ಬಾಣದಿಂದಲೇ ಹತ್ತಿತು ಅಂತ ನಾವು ಇಷ್ಟು ವರ್ಷ ಮಕ್ಕಳಿಗೆ ಹೇಳಿಕೊಂಡು ಬಂದಿದ್ದೇವೆ.

ಆಳಂದ ಮಾಮಾ, 8:52
ಅದನ್ನೇ ನಾನೂ ಹೇಳುತ್ತಿರುವುದು. ಮುಚ್ಚಿಟ್ಟದ್ದು ತಪ್ಪು.

ಸೇಡಂ ಅತ್ತಿ, 8:59
ನನ್ನದೊಂದು ಮಾತು ಕೇಳ್ರಿ. ಶರಣಬಸವೇಶ್ವರರ ಜಾತ್ರೆಯಲ್ಲಿ ನಾವು ತೇರಿಗೆ ಉತ್ತತ್ತಿ ಎಸೆಯುತ್ತೇವೆ. ಕಳಸಕ್ಕೆ ತಾಗಲಿ ಅಂತಲೇ ಎಸೆಯುವುದು. ಎಷ್ಟೋ ಸಲ ತೇರು ದಾಟಿ ಆ ಕಡೆ ನಿಂತವರ ತಲೆ ಮೇಲೆ ಬೀಳುತ್ತದೆ. ಹಾಗಂತ ಹರಕೆ ಮುಟ್ಟಲಿಲ್ಲ ಅಂತ ಯಾರಾದರೂ ಅಂದಿದ್ದಾರಾ?

ಬೀದರ್ ಅಕ್ಕ, 9:01
ಅತ್ತಿ 🙏🙏

ಆಳಂದ ಮಾಮಾ, 9:06
ಅಕ್ಕಾ, ಹರಕೆ ಬೇರೆ, ಇದು ಬೇರೆ. ಆಯಿತು, ಬಾರ್ಸಿಲೋನಾ ಬಿಟ್ಟೆ. ಪ್ಯಾರಿಸ್‌ಗೆ ಏನು ಹೇಳುತ್ತೀರಿ? ಗ್ರೀಸ್‌ನ ಒಲಿಂಪಿಯಾದಲ್ಲಿ ಕನ್ನಡಿ ಹಿಡಿದು ಬಿಸಿಲಿನಿಂದ ಬೆಂಕಿ ಹೊತ್ತಿಸುತ್ತಾರೆ. ತಿಂಗಳುಗಟ್ಟಲೆ ಕೈಯಿಂದ ಕೈಗೆ ತರುತ್ತಾರೆ. ಕೊನೆಗೆ ಲೈಟ್ ಹಾಕುತ್ತಾರೆ. ಬೆಂಕಿ ಇಲ್ಲದ ಮೇಲೆ ಅದು ಜ್ಯೋತಿಯೇ ಅಲ್ಲ.

ನಾನು, 9:15
ಬೆಳಿಗ್ಗೆ ಅದನ್ನು ಓದಿದಾಗ ನನಗೂ ಮನಸ್ಸಿಗೆ ಕಸಿವಿಸಿ ಆಯಿತು ಮಾಮಾ, ಸುಳ್ಳು ಹೇಳುವುದಿಲ್ಲ. 40 ಎಲ್‌ಇಡಿ ದೀಪ, 200 ಕಡೆಯಿಂದ ಚಿಮ್ಮುವ ನೀರಿನ ಮಂಜು. ಬೆಳಕು ಮಂಜಿನ ಮೇಲೆ ಬಿದ್ದು ಬೆಂಕಿಯ ಹಾಗೆ ಕಾಣುತ್ತದೆ. ಆದರೆ ಅದನ್ನು ಅವರು ಮುಚ್ಚಿಟ್ಟಿಲ್ಲ, ತಾವೇ ಹೇಳಿದ್ದಾರೆ. ಇನ್ನೊಂದು ವಿಷಯ. ಒಲಿಂಪಿಯಾದಿಂದ ಬಂದ ನಿಜವಾದ ಬೆಂಕಿ ಆರಿಲ್ಲ. ಬಲೂನಿನ ಪಕ್ಕದಲ್ಲೇ ಒಂದು ಕಂದೀಲಿನಲ್ಲಿ ಇಟ್ಟಿದ್ದಾರೆ.

ಸೇಡಂ ಅತ್ತಿ, 9:17
ಕಂದೀಲಿನಲ್ಲಿ ಇದೆಯಾ? ಹಾಗಾದರೆ ಸರಿ. ನಾನು ಕೈ ಮುಗಿದದ್ದು ಅದಕ್ಕೇ.

ಕಾಕಾ, 9:24
ನನಗೆ ನಿನ್ನೆ ನೆನಪಾದದ್ದು 1996ರ ಅಟ್ಲಾಂಟಾ. ಈಜುಗಾರ್ತಿ ಜಾನೆಟ್ ಇವಾನ್ಸ್ ಪಂಜು ತಂದಳು. ಕತ್ತಲೆಯಿಂದ ಮುಹಮ್ಮದ್ ಅಲಿ ಬಂದ. ಪಾರ್ಕಿನ್ಸನ್ ಕಾಯಿಲೆ, ಕೈ ನಡುಗುತ್ತಿತ್ತು. ನಮಗೆ ಆಗ ಬೆಳಗಿನ ಹೊತ್ತು. ಅಪ್ಪ ಚಹಾದ ಬಟ್ಟಲು ಹಿಡಿದುಕೊಂಡೇ ಕುರ್ಚಿಯಿಂದ ಎದ್ದು ನಿಂತರು. ಬೆಂಕಿ ಹೊತ್ತುವವರೆಗೂ ಕೂರಲಿಲ್ಲ.

ಅವ್ವ, 9:30
ಹೌದು. ಚಹಾ ಆರಿ ತಣ್ಣಗಾಗಿತ್ತು. ಮತ್ತೆ ಕಾಸಿಕೊಟ್ಟೆ.

ನಾನು, 9:38
ನಿನ್ನೆ ಗಾಲಿ ಕುರ್ಚಿಯಲ್ಲಿ ಪಂಜು ಹಿಡಿದು ಕೂತಿದ್ದ ಅಜ್ಜನನ್ನು ನೋಡಿದಿರಾ ಕಾಕಾ? ಚಾರ್ಲ್ಸ್ ಕೋಸ್ಟ್. 100 ವರ್ಷ. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಸೈಕಲ್ ತಂಡದಲ್ಲಿ ಚಿನ್ನ ಗೆದ್ದವರು. ಆ ಮಳೆಯಲ್ಲಿ ಅವರ ಕೈಯಿಂದ ಪಂಜು ಓಟಗಾರ್ತಿ ಮಾರಿ-ಜೋಸೆ ಪೆರೆಕ್, ಜೂಡೋ ಆಟಗಾರ ಟೆಡ್ಡಿ ರೈನರ್ ಕೈಗೆ ಹೋಯಿತು. ನೂರು ವರ್ಷದ ಕೈ ಅದು. ನನಗೆ ಕಣ್ಣಲ್ಲಿ ನೀರು ಬಂತು. ಇದರ ಬಗ್ಗೆ ಬೆಳಿಗ್ಗೆಯಿಂದ ಒಂದೂ ಫಾರ್ವರ್ಡ್ ಬಂದಿಲ್ಲ. ಒಲಿಂಪಿಕ್ ಬಾವುಟ ತಲೆಕೆಳಗಾಗಿ ಹಾರಿದ ವಿಡಿಯೊ ಮಾತ್ರ ಐದು ಸಲ ಬಂತು.

ತಮ್ಮ, 9:41
ತಪ್ಪು ಮಾಡಿದರೆ ಜನ ತೋರಿಸುತ್ತಾರೆ ಅಕ್ಕ. ದಕ್ಷಿಣ ಕೊರಿಯಾದವರನ್ನು ಉತ್ತರ ಕೊರಿಯಾ ಅಂತ ಕರೆದರು. ಅದನ್ನೂ ಹೇಳಬಾರದಾ?

ನಾನು, 9:44
ಅದನ್ನು ಹೇಳಲೇಬೇಕು. ಆ ಆಟಗಾರರಿಗೆ ಅವಮಾನ ಆಗಿದೆ, ಕ್ಷಮೆ ಕೇಳಲೇಬೇಕು. ನನ್ನ ಸಿಟ್ಟು ಅದಕ್ಕಲ್ಲ. ಕೈಯಲ್ಲಿ ಬೆಂಕಿ ಹಿಡಿದು ನಿಂತವರ ಕಡೆ ಬೆರಳು ತೋರಿಸಿ ನಗುತ್ತಾರಲ್ಲ, ಅದಕ್ಕೆ.

ನಾನು, 10:02
ಯಾಕೆ ಇಷ್ಟು ಹೇಳುತ್ತಿದ್ದೇನೆ ಅಂದರೆ, ಹೋದ ವರ್ಷದ ಕ್ರೀಡಾಕೂಟದ ವಿಷಯ ನಿಮಗೆ ಯಾರಿಗೂ ಹೇಳಿಲ್ಲ. ಕ್ರೀಡಾಜ್ಯೋತಿ ತರಲು ನಮ್ಮ ಶಾಲೆಯ ಎಂಟನೇ ಕ್ಲಾಸಿನ ಹುಡುಗಿಯನ್ನು ಆರಿಸಿದ್ದೆ. ಪಂಜು ನಾನೇ ಮಾಡಿದ್ದು. ಕಬ್ಬಿಣದ ಪೈಪಿನ ತುದಿಗೆ ಡಬ್ಬಿ ಬೆಸೆಸಿ, ಒಳಗೆ ಡೀಸೆಲ್‌ನಲ್ಲಿ ಅದ್ದಿದ ಹಳೆ ಬನಿಯನ್ ತುರುಕಿದ್ದೆ. ಆಕೆ ಅಕ್ಕನ ಬಿಳಿ ಶೂ ಹಾಕಿಕೊಂಡು ಬಂದಿದ್ದಳು. ಅಳತೆಗೆ ದೊಡ್ಡದು, ಮುಂದೆ ಅರಳೆ ತುಂಬಿದ್ದಳು. ಮುಕ್ಕಾಲು ಸುತ್ತು ಚೆನ್ನಾಗಿ ಓಡಿದಳು. ವೇದಿಕೆ ಹತ್ತಿರ ಗಾಳಿ ಬೀಸಿ ಪಂಜು ಆರಿತು. ಹುಡುಗರು ಹೋ ಅಂತ ಕೂಗಿದರು. ಆಕೆ ಕೈ ಇಳಿಸಲಿಲ್ಲ ಮಾಮಾ. ಹೊಗೆ ಬರುವ ಪೈಪನ್ನು ಹಾಗೇ ಎತ್ತಿ ಹಿಡಿದು ನನ್ನ ಕಡೆ ನೋಡುತ್ತಾ ನಿಂತಳು. ನಾನು ಓಡಿಹೋಗಿ ಕಡ್ಡಿ ಗೀರಿದೆ. ಮೂರು ಕಡ್ಡಿ ಆರಿದವು. ನಾಲ್ಕನೆಯದಕ್ಕೆ ಹತ್ತಿತು. ಅಷ್ಟರಲ್ಲಿ ಯಾರೋ ವಿಡಿಯೊ ಮಾಡಿ, ನಗುವ ಮುಖಗಳನ್ನು ಹಾಕಿ ಊರಿನ ಗುಂಪುಗಳಿಗೆ ಬಿಟ್ಟಿದ್ದರು. ಹುಡುಗಿ ನಾಲ್ಕು ದಿನ ಶಾಲೆಗೆ ಬರಲಿಲ್ಲ.

ಸೇಡಂ ಅತ್ತಿ, 10:05
ಪಾಪ ಕೂಸು.

ಅವ್ವ, 10:06
ಇಷ್ಟು ದಿನ ನನಗೂ ಹೇಳಲಿಲ್ಲವಲ್ಲ ನೀನು.

ನಾನು, 10:12
ಅವರ ಮನೆಗೆ ಹೋಗಿ 1976ರ ಮಾಂಟ್ರಿಯಲ್ ಕಥೆ ಹೇಳಿದೆ. ಅಲ್ಲಿ ಮಳೆ ಬಂದು ಒಲಿಂಪಿಕ್ ಜ್ಯೋತಿಯೇ ಆರಿಹೋಗಿತ್ತು. ಕೆಲಸದವನೊಬ್ಬ ಸಿಗರೇಟ್ ಲೈಟರ್‌ನಿಂದ ಹೊತ್ತಿಸಿದ. ಆಮೇಲೆ ಅದನ್ನು ಆರಿಸಿ, ಜೋಪಾನವಾಗಿ ಇಟ್ಟಿದ್ದ ಮೂಲ ಬೆಂಕಿಯಿಂದ ಮತ್ತೆ ಹೊತ್ತಿಸಿದರು. 2000ದಲ್ಲಿ ಸಿಡ್ನಿಯಲ್ಲಿ ಕ್ಯಾಥಿ ಫ್ರೀಮನ್ ಹೊತ್ತಿಸಿದ ಕುಂಡ ಮೇಲೆ ಏರುವಾಗ ನಡುವೆ ಸಿಕ್ಕಿಕೊಂಡು ನಿಂತಿತ್ತು. ಒದ್ದೆ ಬಟ್ಟೆಯಲ್ಲಿ ಆಕೆ ಕಾಯುತ್ತಾ ನಿಂತೇ ಇದ್ದಳು. ಹತ್ತು ದಿನದ ಮೇಲೆ 400 ಮೀಟರ್ ಓಟದಲ್ಲಿ ಚಿನ್ನ ಗೆದ್ದಳು. ಅದನ್ನು ಹುಡುಗಿ ಎರಡು ಸಲ ಕೇಳಿಸಿಕೊಂಡಳು. ಮಾರನೇ ದಿನ ಶಾಲೆಗೆ ಬಂದಳು.

ಆಳಂದ ಮಾಮಾ, 10:31
(ಈ ಸಂದೇಶವನ್ನು ಅಳಿಸಲಾಗಿದೆ)

ಆಳಂದ ಮಾಮಾ, 10:33
ತೆಗೆದೆ ತಂಗಿ. ಇನ್ನೂ ಮೂರು ಗುಂಪಿಗೆ ಕಳಿಸಿದ್ದೆ, ಅಲ್ಲೂ ತೆಗೆಯುತ್ತೇನೆ. ಲೈಟಿನ ವಿಷಯದಲ್ಲಿ ಮಾತ್ರ ನನ್ನ ಮಾತು ನನ್ನದೇ. ಆ ಹುಡುಗಿ ಈಗ ಓಡುತ್ತಾಳಾ?

ನಾನು, 10:36
ಓಡುತ್ತಾಳೆ ಮಾಮಾ. ಈ ವರ್ಷ 800 ಮೀಟರ್‌ಗೆ ಹೆಸರು ಕೊಟ್ಟಿದ್ದಾಳೆ. ಜ್ಯೋತಿಯನ್ನೂ ತಾನೇ ತರುತ್ತೇನೆ ಅಂತ ಕೇಳಿದ್ದಾಳೆ.

ಆಳಂದ ಮಾಮಾ, 10:40
ಶೂ ಅಳತೆ ಕೇಳಿ ಹೇಳು. ಡಬ್ಬಿಗೆ ಗಾಳಿ ತಾಗದ ಹಾಗೆ ಸುತ್ತಲೂ ಜಾಲರಿ ಹಾಕಿಸಬೇಕು. ಪೈಪ್ ತಂದುಕೊಡು, ಇಲ್ಲಿ ವೆಲ್ಡಿಂಗ್ ಅಂಗಡಿಯಲ್ಲಿ ನಾನು ಮಾಡಿಸುತ್ತೇನೆ.

ಸೇಡಂ ಅತ್ತಿ, 10:44
ಆ ಕಂದೀಲಿನ ಫೋಟೊ ಇದ್ದರೆ ಹಾಕವ್ವ, ನೋಡುತ್ತೇನೆ.