ಮುಚ್ಚಿದ ಗೇಟಲ್ಲೂ ಹಸಿರು ಗೆರೆ! (ಲೇಸರ್ ಎಂಜಿನಿಯರ್‌ಗೆ ಕೇಳಿ)

ಪ್ರವೀಣ: ಸರ್, ಕ್ಯೂ-ಸ್ವಿಚ್ (ಲೇಸರ್ ಬೆಳಕನ್ನು ತಡೆದಿಟ್ಟು ಒಂದೇ ಹೊಡೆತಕ್ಕೆ ಬಿಡುವ ಭಾಗ) ಸಿಂಕ್‌ನಿಂದ ಕ್ಯಾಮೆರಾ ಟ್ರಿಗರ್ ಮಾಡಿದ್ದೇನೆ. ಡಿಲೇ ಸೊನ್ನೆ ಇಟ್ಟರೂ ಪಲ್ಸ್ ಸಿಗುತ್ತಿಲ್ಲ.

ಎಂಜಿನಿಯರ್: ಸಿಗಲ್ಲ. ಕೇಬಲ್ ಮೀಟರಿಗೆ 5 ನ್ಯಾನೊಸೆಕೆಂಡ್ ತಿನ್ನುತ್ತದೆ, ಡಿಲೇ ಜನರೇಟರ್ (ಟ್ರಿಗರ್‌ಗಳನ್ನು ಬೇಕಾದಷ್ಟು ತಡಮಾಡಿ ಕಳಿಸುವ ಪೆಟ್ಟಿಗೆ), ಕ್ಯಾಮೆರಾ ತಮ್ಮ ಪಾಲು ಸೇರಿಸುತ್ತವೆ. ಗೇಟ್ (ಕ್ಯಾಮೆರಾದ ಅತಿವೇಗದ ಎಲೆಕ್ಟ್ರಾನಿಕ್ ಶಟರ್) ತೆರೆಯುವಷ್ಟರಲ್ಲಿ ಬೆಳಕು ಹೋಗಿರುತ್ತದೆ. ಜನರೇಟರ್‌ನಿಂದಲೇ ಲೇಸರಿನ ಫ್ಲಾಶ್ ಲ್ಯಾಂಪ್, ಕ್ಯೂ-ಸ್ವಿಚ್ ಎರಡನ್ನೂ ಓಡಿಸಿ, ಕ್ಯಾಮೆರಾಕ್ಕೆ ಮುಂಚೆಯೇ ಟ್ರಿಗರ್ ಕೊಡಿ.

ಸ್ಮಿತಾ: ನಮ್ಮದು ಹಾಗೇ ಇದೆ ಸರ್. ಎನ್‌ಡಿ-ಯಾಗ್, 532 ನ್ಯಾನೊಮೀಟರ್, 10 ಹರ್ಟ್ಸ್. ಲೇಸರ್ ಹೊಡೆಯುವ 2 ಮೈಕ್ರೊಸೆಕೆಂಡ್ ಮುಂಚೆ 50 ನ್ಯಾನೊಸೆಕೆಂಡ್ ಗೇಟ್ ತೆರೆದು ಮುಚ್ಚುತ್ತೇನೆ. ಏನೂ ಕಾಣಬಾರದು ಅಲ್ವಾ? ಹಸಿರು ಗೆರೆ ಎದ್ದು ಕಾಣುತ್ತಿದೆ. ಒಮ್ಮೊಮ್ಮೆ ಇರಲ್ಲ.

ಎಂಜಿನಿಯರ್: ಮೊದಲು ಗೇನ್ ಇಳಿಸಿ, ಎನ್‌ಡಿ ಫಿಲ್ಟರ್ (ಬೆಳಕು ತಗ್ಗಿಸುವ ಗಾಜು) ಹಾಕಿ, ಆಮೇಲೆ ಮುಂದಿನದು ಓದಿ. ಗೇಟ್ ತಪ್ಪು ಹೊತ್ತಿಗೆ ತೆರೆದು ಚದುರಿದ ಲೇಸರ್ ಬೆಳಕು ಒಳಗೆ ಬಿದ್ದರೆ ಇಂಟೆನ್ಸಿಫೈಯರ್ (ಕ್ಯಾಮೆರಾದಲ್ಲಿ ಬೆಳಕನ್ನು ಹಿಗ್ಗಿಸುವ ಟ್ಯೂಬ್, ಗೇಟ್ ಇರುವುದೂ ಇದರಲ್ಲೇ) ಹಾಳಾಗುತ್ತದೆ, ಅದರ ಬೆಲೆ ನಿಮಗೂ ಗೊತ್ತು.
ಈಗ ಗೇಟ್ ಪೂರ್ತಿ ಆಫ್ ಮಾಡಿ ನೋಡಿ. ಗೆರೆ ಉಳಿದರೆ ಸೋರಿಕೆ. ಮುಚ್ಚಿದ ಟ್ಯೂಬೂ ಪೂರ್ತಿ ಕತ್ತಲೆ ಅಲ್ಲ, ಅದರ ಹಿಂದೆ ಕೂತ ಸಿಸಿಡಿ (ಚಿತ್ರ ಹಿಡಿಯುವ ಚಿಪ್) ಆ ಫ್ರೇಮ್ ಪೂರ್ತಿ ಕಣ್ಣು ಬಿಟ್ಟುಕೊಂಡೇ ಇರುತ್ತದೆ. ಆದರೆ ನಿಮ್ಮದು 'ಒಮ್ಮೊಮ್ಮೆ' ಅಂದಿರಿ. ಸೋರಿಕೆ ಹಾಗೆ ಬಂದು ಹೋಗಲ್ಲ. ನನ್ನ ಅನುಮಾನ ಬೇರೆ: ಕ್ಯೂ-ಸ್ವಿಚ್‌ನ ಪಾಕಲ್ಸ್ ಸೆಲ್‌ಗೆ (ವೋಲ್ಟೇಜಿನಿಂದ ಬೆಳಕನ್ನು ತಡೆದು ಬಿಡುವ ಹರಳಿಗೆ) ಕೆಲವು ಸಾವಿರ ವೋಲ್ಟ್ ಕೆಲವೇ ನ್ಯಾನೊಸೆಕೆಂಡಿನಲ್ಲಿ ಬದಲಾಗುತ್ತದೆ, ಆ ಗದ್ದಲ ನಿಮ್ಮ ಗೇಟ್ ಕೇಬಲಿಗೆ ಹತ್ತಿ ಸರಿಯಾಗಿ ಲೇಸರ್ ಹೊಡೆಯುವ ಹೊತ್ತಿಗೇ ಇನ್ನೊಮ್ಮೆ ಗೇಟ್ ತೆರೆಸುತ್ತದೆ. ಕಳ್ಳ ಬೆಲ್ ಒತ್ತಿ ಬಂದ ಹಾಗೆ. ಗೇಟ್ ಮಾನಿಟರನ್ನು (ಗೇಟ್ ತೆರೆದಾಗ ಸಿಗ್ನಲ್ ಕೊಡುವ ಔಟ್‌ಪುಟ್) ಆಸಿಲೋಸ್ಕೋಪಿಗೆ 50 ಓಮ್‌ನಲ್ಲಿ ಹಾಕಿ, ಎರಡನೇ ಪಲ್ಸ್ ಇದೆಯಾ ನೋಡಿ.

ಮಂಜು: ಗುಂಪಿಗೆ ಬಂದದ್ದು: "50 ಓಮ್ ಟರ್ಮಿನೇಟರ್ ತೆಗೆದರೆ ಸಿಗ್ನಲ್ ಎರಡರಷ್ಟು, ಜಿಟರ್ (ಟೈಮಿಂಗ್ ಅಲುಗಾಟ) ಮಾಯ 🙏 ಎಲ್ಲರಿಗೂ ಹಂಚಿ"

ಎಂಜಿನಿಯರ್: ಹಂಚಬೇಡಿ. ಕೇಬಲ್ ತುದಿಯಲ್ಲಿ ಸಿಗ್ನಲ್ ನುಂಗಿ ಪ್ರತಿಫಲನ ತಡೆಯುವುದೇ ಟರ್ಮಿನೇಟರ್. ತೆಗೆದರೆ ವೋಲ್ಟೇಜ್ ಏರುತ್ತದೆ, ನಿಜ, ಅದರ ಜೊತೆಗೆ ಪ್ರತಿಫಲನವೂ. 5 ಮೀಟರ್ ಕೇಬಲಿನಲ್ಲಿ 50 ನ್ಯಾನೊಸೆಕೆಂಡಿಗೆ ಹಿಂತಿರುಗುತ್ತದೆ. ಕ್ಯಾಮೆರಾದ ಇನ್‌ಪುಟ್ ಸುಟ್ಟರೆ ಕಳಿಸಿದವರು ಬಂದು ರಿಪೇರಿ ಮಾಡುತ್ತಾರಾ?

ಮಂಜು: ನಮ್ಮಲ್ಲಿ ತೆಗೆದೇ ಇದೆ, ಏನೂ ಆಗಿಲ್ಲ.

ರಮ್ಯಾ: ಹೆಲ್ಮೆಟ್ ಇಲ್ಲದೆ ಹೋದವರೂ ಇದೇ ಹೇಳೋದು ಮಂಜಣ್ಣ.

ಮಂಜು: ನೀವು ಗುರುಗಳೋ? ಪ್ರಶ್ನೆ ಕೇಳೋಕೆ ಬಂದಿದ್ದೀರಲ್ಲ.

ರಮ್ಯಾ: ಬೆಂಚಿನ ಮೇಲೆ ಕೈ ಹಾಕಿದವಳು. ನೀವು ಫಾರ್ವರ್ಡ್ ಮಾಡಿದವರು.

ಕಿರಣ: ಸರ್, ಪ್ಯಾಸಿವ್ ಕ್ಯೂ-ಸ್ವಿಚ್ (ಟ್ರಿಗರ್ ಇಲ್ಲದೆ ತಾನಾಗೇ ತೆರೆದುಕೊಳ್ಳುವ) ಲೇಸರ್. ಟ್ರಿಗರ್‌ಗೂ ಬೆಳಕಿಗೂ ಹೊಂದಾಣಿಕೆ ಇಲ್ಲ.

ಎಂಜಿನಿಯರ್: ಇರಲ್ಲ. ಆ ಜಿಟರ್ ಮೈಕ್ರೊಸೆಕೆಂಡಿನಲ್ಲಿ. ಫೋಟೊಡಯೋಡಿನಿಂದ ಟ್ರಿಗರ್ ಮಾಡಿ, ಬೆಳಕನ್ನು ಫೈಬರಿನಲ್ಲಿ ತಡಮಾಡಿ. 20 ಮೀಟರಿಗೆ ಸುಮಾರು 100 ನ್ಯಾನೊಸೆಕೆಂಡ್.

ಅನಿಲ್: ಕಡಿಮೆ ದುಡ್ಡಿಗೆ ಒಳ್ಳೆ ಡಿಲೇ ಜನರೇಟರ್ ಯಾವುದು ಸರ್?

ಸಂತೋಷ: ಸರ್ ಡಿಲೇ ಸೊನ್ನೆ ಇಟ್ಟರೂ ಪಲ್ಸ್ ಸಿಗುತ್ತಿಲ್ಲ.

ಎಂಜಿನಿಯರ್: ಮೊದಲ ಉತ್ತರ ಓದಿ.

ಸ್ಮಿತಾ: ಸರ್! ಎರಡನೇ ಪಲ್ಸ್ ಇದೆ. ಜನರೇಟರ್ ಕಡೆ ಕೇಬಲ್ ಕಿತ್ತರೂ ಬರುತ್ತಿದೆ.

ಎಂಜಿನಿಯರ್: ಸಿಕ್ಕಿಬಿತ್ತು. ಕೇಬಲನ್ನು ಲೇಸರ್ ಪವರ್ ಸಪ್ಲೈನಿಂದ ದೂರ ಎಳೆದು ಫೆರೈಟ್ (ಗದ್ದಲ ತಡೆಯುವ ಬಳೆ) ಹಾಕಿ, ಟ್ರಿಗರ್ ಮಟ್ಟ ಏರಿಸಿ. ಸರಿ ಹೋಗೋವರೆಗೂ ಫಿಲ್ಟರ್ ತೆಗೆಯಬೇಡಿ.

ಅನಿಲ್: ಸರ್, ಜನರೇಟರ್?

ಮಂಜು: ಸ್ಮಿತಾ ಅವರೇ, ಟರ್ಮಿನೇಟರ್ ಒಮ್ಮೆ ತೆಗೆದು ನೋಡಿ.