ಪದ ಬೇಕು (ತುರ್ತು): ಮ್ಯಾಗ್ನೆಟಿಕ್ ಬೇರಿಂಗ್, ಟಚ್‌ಡೌನ್ ಬೇರಿಂಗ್

ಎಲ್ಲರಿಗೂ ನಮಸ್ಕಾರ,

ಹೈಸ್ಪೀಡ್ ಮೋಟರ್ ಒಂದರ ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ಯಂತ್ರದ ಮೇಲೆ ಅಂಟಿಸುವ ಎಚ್ಚರಿಕೆ ಫಲಕವೂ ಇದೆ. ಕೈಪಿಡಿಗೆ ಸಮಯ ಉಂಟು, ಫಲಕ ಮಾತ್ರ ನಾಳೆಯೇ ಅಚ್ಚಿಗೆ ಹೋಗಬೇಕು.

ಇದರ ರೋಟರ್, ಅಂದರೆ ಒಳಗೆ ತಿರುಗುವ ಭಾಗ, ಯಾವುದಕ್ಕೂ ತಾಗದೆ ತಿರುಗುತ್ತದೆ. ಸುತ್ತಲಿನ ವಿದ್ಯುತ್ಕಾಂತಗಳು ಅದನ್ನು ಗಾಳಿಯಲ್ಲೇ ನಿಲ್ಲಿಸಿರುತ್ತವೆ. ಇದೇ ಮ್ಯಾಗ್ನೆಟಿಕ್ ಬೇರಿಂಗ್. ನಡುವಿನ ಸಂದು ಅರ್ಧ ಮಿಲಿಮೀಟರ್ ಆಸುಪಾಸು. ಕಂಟ್ರೋಲರ್ ಕೈಕೊಟ್ಟರೆ ರೋಟರ್ ಬಂದು ಕೂರಲಿ ಅಂತ ಒಳಗೆ ಬಾಲ್ ಬೇರಿಂಗ್‌ಗಳೂ ಇವೆ. ಅವೇ ಟಚ್‌ಡೌನ್ ಬೇರಿಂಗ್.

ಬೇಕಿರುವುದು: ಆಕ್ಟಿವ್ ಮ್ಯಾಗ್ನೆಟಿಕ್ ಬೇರಿಂಗ್, ಟಚ್‌ಡೌನ್ ಬೇರಿಂಗ್, ಲೆವಿಟೇಟ್ ಮಾಡು (ರೋಟರನ್ನು ಎತ್ತಿ ಗಾಳಿಯಲ್ಲಿ ನಿಲ್ಲಿಸುವುದು), ಡಿಲೆವಿಟೇಟ್ ಮಾಡು (ಮತ್ತೆ ಕೆಳಗೆ ಕೂರಿಸುವುದು). ಸದ್ಯಕ್ಕೆ ‘ಸಕ್ರಿಯ ಕಾಂತೀಯ ಧಾರಕ’ ಅಂತ ಬರೆದಿಟ್ಟಿದ್ದೇನೆ. ಓದುವಾಗ ನನಗೇ ನಾಲಿಗೆ ತೊಡರುತ್ತದೆ.

ಮರು: ಪದ ಬೇಕು (ತುರ್ತು)

ಕಾಂತೀಯ ದಿಗಂಶ.

ಮರು: ಮರು: ಪದ ಬೇಕು (ತುರ್ತು)

ಅದು ಹಡಗಿನವರ ಮ್ಯಾಗ್ನೆಟಿಕ್ ಬೇರಿಂಗ್, ದಿಕ್ಸೂಚಿ ತೋರಿಸುವ ದಿಕ್ಕು. ಪ್ರಶ್ನೆ ಓದಿ ಉತ್ತರಿಸಿ.

ಮರು: ಪದ ಬೇಕು (ತುರ್ತು)

ಧಾರಕ ಬೇಡವೇ ಬೇಡ. ನಮ್ಮಲ್ಲಿ ‘ಆನು’ ಅನ್ನುವ ಹಳೆಯ ಧಾತು ಇದೆ. ಹೊರು, ಆಧಾರವಾಗು ಎಂಬ ಅರ್ಥ ಅದಕ್ಕೆ ಮೊದಲಿನಿಂದಲೂ ಇದೆ. ಅದರಿಂದ ‘ಆನಿಕೆ’. ಬೇರಿಂಗ್‌ಗೆ ಇದಕ್ಕಿಂತ ಒಳ್ಳೆಯ ಪದ ಹುಡುಕಿದರೂ ಸಿಗದು. ಮ್ಯಾಗ್ನೆಟ್‌ಗೆ ‘ಸೆಳೆಗಲ್ಲು’. ಎರಡೂ ಸೇರಿ ‘ಸೆಳೆಗಲ್ಲಾನಿಕೆ’. ಕಂಟ್ರೋಲ್‌ಗೂ ‘ನಿಯಂತ್ರಣ’ ಬೇಡ, ‘ಹತೋಟಿ’ ಬಳಸಿ. ಅಚ್ಚಗನ್ನಡ ಇರುವಾಗ ಸಂಸ್ಕೃತದ ಬಾಗಿಲು ಯಾಕೆ ತಟ್ಟಬೇಕು?

ಮರು: ಮರು: ಪದ ಬೇಕು (ತುರ್ತು)

> ಬೇರಿಂಗ್‌ಗೆ ಇದಕ್ಕಿಂತ ಒಳ್ಳೆಯ ಪದ ಹುಡುಕಿದರೂ ಸಿಗದು

ಹುಡುಕುವ ಅಗತ್ಯವೇ ಇಲ್ಲ, ‘ಬೇರಿಂಗ್’ ಇದೆಯಲ್ಲ. ಫ್ಯಾನ್ ಕಿರುಗುಟ್ಟಿದರೆ ‘ಬೇರಿಂಗ್ ಹೋಗಿದೆ’ ಅನ್ನುತ್ತೇವೆ. ‘ಆನಿಕೆ ಹೋಗಿದೆ’ ಅಂದರೆ ಕೇಳಿದವರು ಯಾವ ಆನೆ ಅಂತ ಕೇಳುತ್ತಾರೆ.

ಇನ್ನೊಂದು ತೊಡಕು. ಆನಿಕೆ ಅಂದರೆ ಒರಗುವುದೂ ಹೌದು. ಇಲ್ಲಿ ಯಾವುದೂ ಯಾವುದಕ್ಕೂ ಒರಗಿಲ್ಲ. ವಿದ್ಯುತ್ಕಾಂತಕ್ಕೆ ಕಬ್ಬಿಣವನ್ನು ಸೆಳೆಯುವುದು ಮಾತ್ರ ಗೊತ್ತು, ತಳ್ಳಲು ಬರುವುದಿಲ್ಲ. ಅದಕ್ಕೇ ಎದುರುಬದುರು ಜೋಡಿ ಇಡುತ್ತಾರೆ. ರೋಟರ್ ಒಂದು ಕಡೆಗೆ ಕೂದಲೆಳೆಯಷ್ಟು ಸರಿದರೂ ಆ ಕಡೆಯ ಸೆಳೆತವೇ ಜಾಸ್ತಿಯಾಗುತ್ತದೆ, ಯಾಕೆಂದರೆ ಸಂದು ಅರ್ಧವಾದರೆ ಬಲ ನಾಲ್ಕು ಪಟ್ಟು. ಬಿಟ್ಟರೆ ಹೋಗಿ ಅಂಟಿಕೊಳ್ಳುತ್ತದೆ. ಸೆನ್ಸರ್ ಅದನ್ನು ಕಂಡು, ಕಂಟ್ರೋಲರ್ ಈ ಕಡೆಯ ಕರೆಂಟ್ ಏರಿಸಿ ಆ ಕಡೆಯದನ್ನು ಇಳಿಸಬೇಕು. ಸೆಕೆಂಡಿಗೆ ಸಾವಿರಾರು ಸಲ, ಐದು ಅಕ್ಷಗಳಲ್ಲಿ: ಎರಡು ತುದಿಗಳಲ್ಲಿ ಎರಡೆರಡು, ಉದ್ದಕ್ಕೆ ಒಂದು. ‘ಆಕ್ಟಿವ್’ ಅಂದರೆ ಇದು. ಬರೀ ಕಾಯಂ ಅಯಸ್ಕಾಂತಗಳಿಂದ ಒಂದು ವಸ್ತುವನ್ನು ಎಲ್ಲ ದಿಕ್ಕಿನಲ್ಲೂ ಸ್ಥಿರವಾಗಿ ನಿಲ್ಲಿಸಲಾಗದು ಎಂಬುದು ಸ್ಯಾಮ್ಯುಯೆಲ್ ಅರ್ನ್‌ಶಾ 1842ರಲ್ಲಿ ಪ್ರಕಟಿಸಿದ ಪ್ರಮೇಯದಿಂದಲೇ ಬರುತ್ತದೆ.

ಸಕ್ರಿಯ ಅಂತ ಬರೆಯುವವರು ಒಂದು ನೋಡಿಕೊಳ್ಳಿ. ಮುಂದಿನ ಪುಟದಲ್ಲಿ ‘ಪ್ಯಾಸಿವ್’, ಅಂದರೆ ಇಂಥ ಕಂಟ್ರೋಲರ್ ಇಲ್ಲದ ಬಗೆ, ಬರುತ್ತದೆ. ‘ನಿಷ್ಕ್ರಿಯ ಬೇರಿಂಗ್’ ಅಂತ ಓದಿದವನು ಅದು ಕೆಟ್ಟಿದೆ ಅಂದುಕೊಂಡು ಯಂತ್ರ ನಿಲ್ಲಿಸುತ್ತಾನೆ.

ಮರು: ಪದ ಬೇಕು (ತುರ್ತು)

‘ತೇಲುಬೇರಿಂಗ್’. ಮುಗಿಯಿತಲ್ವಾ?

ಮರು: ಮರು: ಪದ ಬೇಕು (ತುರ್ತು)

ಮುಗಿದಿಲ್ಲ. ಫ್ಲೋಟಿಂಗ್ ಬೇರಿಂಗ್ ಅಂತ ಬೇರೆಯೇ ಇದೆ. ಬಿಸಿಗೆ ಶಾಫ್ಟ್ ಹಿಗ್ಗಿದಾಗ ಉದ್ದಕ್ಕೆ ಜರುಗಲು ಬಿಡುವ ಮಾಮೂಲಿ ಬೇರಿಂಗ್ ಅದು. ಅದಕ್ಕೆ ಆಮೇಲೆ ಏನು ಹೆಸರಿಡುತ್ತೀರಿ?

ಕ್ರಿಯಾಪದಕ್ಕೆ ಮಾತ್ರ ತೇಲು ಒಳ್ಳೆಯದು. ತೇಲುವುದು ರೋಟರ್, ಬೇರಿಂಗ್ ಅಲ್ಲ. ‘ರೋಟರ್ ತೇಲಿಸಿ’ ಅಂದರೆ ಯಾರಿಗೂ ಗೊಂದಲವಿಲ್ಲ. ಡಿಲೆವಿಟೇಟ್‌ಗೆ ‘ರೋಟರ್ ಇಳಿಸಿ’. ಓಡುತ್ತಿರುವಾಗಲೇ ಹಿಡಿತ ತಪ್ಪಿದರೆ ಅದು ಇಳಿಯುವುದಲ್ಲ, ‘ಬೀಳುವುದು’. ಈ ಎರಡನ್ನು ಒಂದೇ ಪದದಲ್ಲಿ ಮುಗಿಸಬೇಡಿ. ನಿಂತ ರೋಟರ್ ಇಳಿಸುವುದು ದಿನದ ಕೆಲಸ. ಪೂರ್ತಿ ವೇಗದಲ್ಲಿ ಬಿದ್ದರೆ ಅದು ಟಚ್‌ಡೌನ್ ಬೇರಿಂಗ್ ಒಳಗೆ ಸುತ್ತುತ್ತಾ ಬಡಿಯುತ್ತದೆ. ಅಂಥ ಬೀಳುವಿಕೆಯನ್ನು ಆ ಬೇರಿಂಗ್ ಕೆಲವೇ ಸಲ ತಡೆದುಕೊಳ್ಳುತ್ತದೆ, ಆಮೇಲೆ ಬದಲಿಸಬೇಕು.

ಅದಕ್ಕೆ ಇಂಗ್ಲಿಷಿನಲ್ಲೇ ಟಚ್‌ಡೌನ್, ಬ್ಯಾಕಪ್, ಆಕ್ಸಿಲಿಯರಿ, ಕ್ಯಾಚರ್ ಅಂತ ನಾಲ್ಕು ಹೆಸರಿವೆ. ಆಕ್ಟಿವ್ ಮ್ಯಾಗ್ನೆಟಿಕ್ ಬೇರಿಂಗ್ ಇರುವ ಯಂತ್ರಗಳ ಕಂಪನದ ಬಗ್ಗೆ ಇರುವ ಐಎಸ್‌ಒ 14839 ಮಾನದಂಡದ ಮೊದಲ ಭಾಗವೇ ಪದಕೋಶ. ಅಂದರೆ ಈ ಜಗಳ ನಮ್ಮದೊಂದೇ ಅಲ್ಲ. ನನ್ನ ಮತ ‘ಆಸರೆ ಬೇರಿಂಗ್’. ಅದರ ಸಂದು ಕಾಂತದ ಸಂದಿನ ಸುಮಾರು ಅರ್ಧ ಇರುತ್ತದೆ. ರೋಟರ್ ಕಾಂತಕ್ಕೆ ಬಡಿಯುವ ಮೊದಲೇ ಇದು ಆಸರೆ ಕೊಡುತ್ತದೆ.

ಮರು: ಹತೋಟಿ ಯಾರದು? (ಹಿಂದೆ: ಪದ ಬೇಕು)

> ಅಚ್ಚಗನ್ನಡ ಇರುವಾಗ

ಹತೋಟಿ ಮರಾಠಿಯ ‘ಹಾತೋಟಿ’. ಕೈಚಳಕ ಅಂತ ಅರ್ಥ. ಸಂಸ್ಕೃತದ ಬಾಗಿಲು ತಟ್ಟಬಾರದು, ಮರಾಠಿಯ ಕಿಟಕಿ ಹಾರಬಹುದು ಅಂತಲೋ?

ಮರು: ಮರು: ಹತೋಟಿ ಯಾರದು?

ಬಂದದ್ದು ಎಲ್ಲಿಂದಾದರೂ ಇರಲಿ, ಈಗ ಅದು ಜನರ ಬಾಯಲ್ಲಿದೆ. ಕನ್ನಡದ ನಾಲಿಗೆಗೆ ಒಗ್ಗಿದ್ದು ಕನ್ನಡವೇ. ‘ಆಸರೆ’ಯೂ ಆಶ್ರಯದ ತದ್ಭವ, ನನ್ನ ತಕರಾರಿಲ್ಲ.

ಮರು: ಮರು: ಮರು: ಹತೋಟಿ ಯಾರದು?

ಹಾಗಾದರೆ ‘ಬೇರಿಂಗು’ ಯಾಕಾಗದು? ಬೇರಿಂಗಿಗೆ, ಬೇರಿಂಗಿನಲ್ಲಿ, ಬೇರಿಂಗಿನಿಂದ. ವಿಭಕ್ತಿ ಎಲ್ಲ ಸಲೀಸು. ಆಶ್ರಯ ಸವೆದು ಆಸರೆ ಆದದ್ದು ತದ್ಭವ, ಬೇರಿಂಗ್‌ಗೆ ಉಕಾರ ಹತ್ತಿದ್ದು ಅಪಚಾರ! ಇದು ವ್ಯಾಕರಣವಲ್ಲ, ಮುನಿಸು.

ಮರು: ಮರು: ಮರು: ಮರು: ಹತೋಟಿ ಯಾರದು?

ತದ್ಭವಕ್ಕೆ ನೂರಾರು ವರ್ಷದ ಸವೆತ ಬೇಕು. ಉಕಾರ ಅಂಟಿಸಿದ ಮಾತ್ರಕ್ಕೆ ಆಗುವುದಿಲ್ಲ. ನಿಮ್ಮ ದಾರಿಯಲ್ಲಿ ಹೋದರೆ ಕ್ರಿಯಾಪದದ ಕೊನೆ ಮಾತ್ರ ಕನ್ನಡದ್ದು ಉಳಿಯುತ್ತದೆ. ‘ರೋಟರನ್ನು ಲೆವಿಟೇಟಿಸಿ’ ಅಂತ ಬರೆದುಬಿಡಿ.

ಮರು: ಪದ ಬೇಕು (ತುರ್ತು)

ಫಲಕಕ್ಕೆ ಇಷ್ಟು ಬರೆದಿದ್ದೇನೆ:

ಅತಿವೇಗದ ಮೋಟರ್. ರೋಟರ್ ತೇಲಿಸದೆ ಮೋಟರ್ ಓಡಿಸಬೇಡಿ. ರೋಟರ್ ಪೂರ್ತಿ ನಿಲ್ಲುವ ಮೊದಲು ಇಳಿಸಬೇಡಿ. ರೋಟರ್ ಬಿದ್ದರೆ ಆಸರೆ ಬೇರಿಂಗ್ ಪರೀಕ್ಷಿಸದೆ ಮತ್ತೆ ಚಾಲೂ ಮಾಡಬೇಡಿ.

ಕೈಪಿಡಿಯಲ್ಲಿ ‘ಮ್ಯಾಗ್ನೆಟಿಕ್ ಬೇರಿಂಗ್’ ಹಾಗೇ ಇರುತ್ತದೆ. ಮೊದಲ ಸಲ ಬಂದಾಗ ಒಂದು ಸಾಲಿನ ವಿವರಣೆ ಕೊಡುತ್ತೇನೆ. ಆಕ್ಷೇಪ ಇದ್ದರೆ ಇಂದು ರಾತ್ರಿಯೊಳಗೆ ತಿಳಿಸಿ.

ಮರು: ಮರು: ಪದ ಬೇಕು (ತುರ್ತು)

‘ಅತಿವೇಗ’ ತೆಗೆಯಿರಿ. ಕನ್ನಡದಲ್ಲಿ ಅದಕ್ಕೆ ಮಿತಿ ಮೀರಿದ ವೇಗ ಅಂತಲೇ ಅರ್ಥ. ಈ ಮೋಟರ್‌ಗೆ ಓವರ್‌ಸ್ಪೀಡ್ ಅಲಾರಂ ಬೇರೆ ಇರುತ್ತದೆ. ಅದು ಹೊಡೆದುಕೊಂಡಾಗ ಪರದೆಯ ಮೇಲೆ ಏನು ಬರೆಯುತ್ತೀರಿ? ಮೋಟರ್‌ಗೆ ‘ಹೈಸ್ಪೀಡ್’ ಇರಲಿ, ಅತಿವೇಗ ಅಲಾರಂಗೆ ಇಟ್ಟುಕೊಳ್ಳಿ. ಎರಡು ಧ್ರುವದ ಮೋಟರ್ ನಿಮಿಷಕ್ಕೆ 60,000 ಸುತ್ತು ತಿರುಗಿದರೆ ಕರೆಂಟಿನ ಆವರ್ತನ 1,000 ಹರ್ಟ್ಸ್. ಅದು ಅದರ ದಿನನಿತ್ಯದ ಓಟ. ಅದರಲ್ಲಿ ‘ಅತಿ’ ಏನೂ ಇಲ್ಲ.

‘ಚಾಲೂ’ ಬಗ್ಗೆ ಯಾರೂ ಶುರು ಮಾಡಬೇಡಿ.

ಮರು: ಮರು: ಮರು: ಪದ ಬೇಕು (ತುರ್ತು)

‘ಶುರು’ ಅರಬ್ಬಿ.