ಅಮೋನಿಯಂ ಸಲ್ಫೇಟ್‌ನಲ್ಲಿ ಬೆಳೆದ ಹರಳಿಗೆ ಪ್ಲಾಟಿನಂ ಕೂರುತ್ತಿಲ್ಲ

ಪ್ರಶ್ನೆ
ಎಲ್ಲರಿಗೂ ನಮಸ್ಕಾರ. 2 ಮೋಲಾರ್ ಅಮೋನಿಯಂ ಸಲ್ಫೇಟ್, ಟ್ರಿಸ್ ಪಿಎಚ್ 7.5, 2 ಮಿಲಿಮೋಲಾರ್ ಡಿಟಿಟಿ (ಸಿಸ್ಟೀನ್ ಆಕ್ಸಿಡೈಸ್ ಆಗದಂತೆ ಕಾಯುವ ರಾಸಾಯನಿಕ) ಇರುವ ದ್ರಾವಣದಲ್ಲಿ ಪ್ರೋಟೀನ್ ಹರಳು ಚೆನ್ನಾಗಿ ಬೆಳೆಯುತ್ತಿದೆ. ಪ್ರೋಟೀನಿನಲ್ಲಿ ಗಂಧಕವಿರುವ ಅಮೈನೋ ಆಮ್ಲಗಳಾದ ಒಂದು ಬಿಡಿ ಸಿಸ್ಟೀನ್, ನಾಲ್ಕು ಮೆಥಿಯೋನಿನ್ ಇವೆ. ಎಕ್ಸ್-ರೇಯಿಂದ ರಚನೆ ಬಿಡಿಸಲು ಬೇಕಾದ ಫೇಸ್ (ಚದುರಿದ ಅಲೆಗಳ ಹಂತ, ನೇರವಾಗಿ ಅಳೆಯಲಾಗದ್ದು) ಪಡೆಯಲು ಹರಳಿನಲ್ಲಿ ಭಾರ ಪರಮಾಣು ಕೂರಿಸಬೇಕಾಗಿದೆ. 10 ಮಿಲಿಮೋಲಾರ್ ಪೊಟ್ಯಾಸಿಯಂ ಟೆಟ್ರಾಕ್ಲೋರೋಪ್ಲಾಟಿನೇಟ್‌ನಲ್ಲಿ ರಾತ್ರಿಯಿಡೀ ನೆನೆಸಿದರೆ ಕೆಲವು ಬಿರುಕು ಬಿಡುತ್ತವೆ. ಉಳಿದವುಗಳ ಪ್ಯಾಟರ್ಸನ್ ನಕ್ಷೆಯಲ್ಲಿ (ಭಾರ ಪರಮಾಣು ಎಲ್ಲಿ ಕೂತಿದೆ ಎಂದು ಹುಡುಕುವ ನಕ್ಷೆ) ಒಂದು ಪೀಕೂ ಇಲ್ಲ. ಆದರೆ ಯಾವ ಧಾತು ಇದೆ ಎಂದು ತೋರಿಸುವ ಎಕ್ಸ್-ರೇ ಫ್ಲೋರೊಸೆನ್ಸ್ ಸ್ಕ್ಯಾನ್‌ನಲ್ಲಿ ಪ್ಲಾಟಿನಂ ಸ್ಪಷ್ಟವಾಗಿದೆ. ಎಲ್ಲಿ ತಪ್ಪುತ್ತಿದೆ?

ಉತ್ತರ 1
ಸ್ಕ್ಯಾನ್ ನಂಬಬೇಡಿ. ಹರಳಿನ ನೀರಿನಲ್ಲಿ ತೇಲುವ ಪ್ಲಾಟಿನಮ್ಮೂ ಅಲ್ಲಿ ಕಾಣುತ್ತದೆ, ಪ್ರೋಟೀನಿಗೆ ಅಂಟಿದೆ ಎಂದು ಅದು ಹೇಳುವುದಿಲ್ಲ.

ಮೂಲ ತೊಂದರೆ ಅಮೋನಿಯಾ. 2 ಮೋಲಾರ್ ಸಲ್ಫೇಟ್ ಎಂದರೆ 4 ಮೋಲಾರ್ ಅಮೋನಿಯಂ, ಪಿಎಚ್ 7.5ರಲ್ಲಿ ಅದರಲ್ಲಿ ಸುಮಾರು 70 ಮಿಲಿಮೋಲಾರ್ ಬಿಡಿ ಅಮೋನಿಯಾ ಆಗಿರುತ್ತದೆ. ಅದು ಕ್ಲೋರೈಡ್‌ಗಳನ್ನು ತಳ್ಳಿ ಪ್ಲಾಟಿನಮ್ಮನ್ನು ತಾನೇ ಹಿಡಿದುಕೊಳ್ಳುತ್ತದೆ. ಆಮೇಲೆ ಮೆಥಿಯೋನಿನ್ ಜೊತೆ ಕೂಡುವುದು ತುಂಬ ನಿಧಾನ. ಪಿಎಚ್ 6ಕ್ಕೆ ಇಳಿಸಿದರೆ ಅಮೋನಿಯಾ ಸುಮಾರು 2 ಮಿಲಿಮೋಲಾರ್‌ಗೆ ಬರುತ್ತದೆ. ಹರಳು ಅಷ್ಟು ಪಿಎಚ್ ತಾಳದಿದ್ದರೆ ಲಿಥಿಯಂ ಸಲ್ಫೇಟ್‌ಗೆ ಮೂರು ನಾಲ್ಕು ಹಂತಗಳಲ್ಲಿ ವರ್ಗಾಯಿಸಿ. ಒಮ್ಮೆಲೇ ಬದಲಿಸಿದರೆ ಒಡೆಯುತ್ತದೆ.

ಡಿಟಿಟಿಯೂ ಹೋಗಬೇಕು, ಅದು ಪ್ಲಾಟಿನಂ, ಪಾದರಸ ಎರಡನ್ನೂ ನುಂಗುತ್ತದೆ.

ಉತ್ತರ 2
ಬಿಡಿ ಸಿಸ್ಟೀನ್ ಇರುವಾಗ ಮೊದಲು ಪಾದರಸ ನೋಡಿ. ವಿಜ್ಞಾನಿ ಪೆರುಟ್ಜ್ ಹಿಮೋಗ್ಲೋಬಿನ್ನಿನ ಫೇಸ್‌ಗೆ ದಾರಿ ಕಂಡದ್ದೂ ಸಿಸ್ಟೀನಿಗೆ ಕಟ್ಟಿದ ಪಾದರಸದಿಂದಲೇ. ಗಂಧಕದ ಜೊತೆಗಿನ ಬಂಧ ಎಷ್ಟು ಗಟ್ಟಿಯೆಂದರೆ ಅಮೋನಿಯಾ ಅಲ್ಲಿ ದೊಡ್ಡ ಅಡ್ಡಿಯಲ್ಲ.

ಡಿಟಿಟಿ ಇಲ್ಲದ, ಸಲ್ಫೇಟ್ ಶೇ 5 ಹೆಚ್ಚಿರುವ ದ್ರಾವಣದಲ್ಲಿ ಹರಳನ್ನು ಎರಡು ಮೂರು ಬಾರಿ ತೊಳೆದು, ತಡಮಾಡದೆ ಪಾದರಸದ ಸಂಯುಕ್ತವಾದ 1 ಮಿಲಿಮೋಲಾರ್ ಥಿಯೋಮರ್ಸಾಲ್‌ಗೆ ಹಾಕಿ. ತಡವಾದರೆ ಸಿಸ್ಟೀನ್ ಆಕ್ಸಿಡೈಸ್ ಆಗಿ ಪಾದರಸ ಹಿಡಿಯುವುದಿಲ್ಲ. 10 ನಿಮಿಷ, 1 ಗಂಟೆ, 6 ಗಂಟೆ ಹೀಗೆ ಬೇರೆ ಬೇರೆ ಹರಳು ತೆಗೆಯಿರಿ. ಬಿರುಕು ಬಂದರೆ ಸಮಯಕ್ಕಿಂತ ಮೊದಲು ಸಾಂದ್ರತೆ ಇಳಿಸಿ, 0.1 ಮಿಲಿಮೋಲಾರ್ ವರೆಗೂ. ಫ್ರೀಜ್ ಮಾಡುವ ಮುನ್ನ ಪಾದರಸವಿಲ್ಲದ ಕ್ರಯೋ ದ್ರಾವಣದಲ್ಲಿ (ಒಳಗೆ ಮಂಜುಗಡ್ಡೆ ಕಟ್ಟದಂತೆ ಕಾಯುವ ದ್ರಾವಣ) ಅರ್ಧ ನಿಮಿಷ ಅದ್ದಿದರೆ ಅಂಟದೆ ಉಳಿದದ್ದು ಹೊರಬರುತ್ತದೆ. ಗ್ಲೌಸ್ ಕಡ್ಡಾಯ, ಉಳಿದ ದ್ರಾವಣ ಸಿಂಕಿಗಲ್ಲ, ಪಾದರಸದ ತ್ಯಾಜ್ಯದ ಬಾಟಲಿಗೆ.

ಪ್ರಶ್ನೆ ಕೇಳಿದವರು
ಧನ್ಯವಾದ ಸರ್. ನೆನೆಸಿದ ಮೇಲೆ ಹರಳಿನಲ್ಲಿ ಮತ್ತೆ ಮತ್ತೆ ಬರುವ ಚಿಕ್ಕ ಘಟಕವಾದ ಯೂನಿಟ್ ಸೆಲ್‌ನ ಒಂದು ಬದಿ ಶೇ 1.5 ಬದಲಾದರೆ ಆ ಡೇಟಾ ಬಿಡಬೇಕೇ?

ಉತ್ತರ 3
ನೇಟಿವ್ (ಭಾರ ಪರಮಾಣು ಹಾಕದ) ಹರಳಿನ ಜೊತೆ ಹೋಲಿಸಿ ಫೇಸ್ ತೆಗೆಯಲು ಬೇಡ. ಎಲ್ಲ ಬದಿಗಳೂ ಶೇ 0.5 ಬದಲಾದರೂ 3 ಆಂಗ್‌ಸ್ಟ್ರಾಮ್ ಬಳಿ ತೀವ್ರತೆಗಳು ಶೇ 15ರಷ್ಟು ಏರುಪೇರಾಗುತ್ತವೆ ಎಂದು ಕ್ರಿಕ್ ಮತ್ತು ಮ್ಯಾಗ್ಡಾಫ್ 1956ರಲ್ಲೇ ಲೆಕ್ಕ ಹಾಕಿದ್ದರು. ಆದರೆ ಡೇಟಾ ಎಸೆಯಬೇಡಿ. ಅದೇ ಹರಳಿನ ಅನಾಮಲಸ್ ವ್ಯತ್ಯಾಸದಿಂದ (ಭಾರ ಪರಮಾಣು ಕಿರಣ ಹೀರುವುದರಿಂದ ಜೋಡಿ ತೀವ್ರತೆಗಳಲ್ಲಿ ಬರುವ ಸಣ್ಣ ಭೇದ) ಸ್ಯಾಡ್, ಅಂದರೆ ಒಂದೇ ತರಂಗಾಂತರದ ಡೇಟಾದಿಂದ ಫೇಸ್ ತೆಗೆಯುವ ವಿಧಾನ, ಮಾಡಿದರೆ ಐಸೋಮಾರ್ಫಿಸಂ (ಎರಡು ಹರಳುಗಳು ಒಂದೇ ರೀತಿ ಇರುವುದು) ಪ್ರಶ್ನೆಯೇ ಏಳುವುದಿಲ್ಲ. ಸಿಂಕ್ರೋಟ್ರಾನ್‌ನಲ್ಲಿ ಪಾದರಸದ ಎಲ್-3 ಅಂಚು (ಅದು ಎಕ್ಸ್-ರೇಯನ್ನು ಒಮ್ಮೆಲೇ ಹೆಚ್ಚು ಹೀರತೊಡಗುವ ಶಕ್ತಿ) 12.284 ಕೆಇವಿ, ಪೀಕ್ ಎಲ್ಲಿದೆ ಎಂದು ನಿಮ್ಮ ಹರಳಿನಲ್ಲೇ ಸ್ಕ್ಯಾನ್ ಮಾಡಿ ಗುರುತಿಸಿ. ಲ್ಯಾಬಿನ ತಾಮ್ರದ ಎಕ್ಸ್-ರೇ ಕಿರಣ ಮಾತ್ರ ಇದ್ದರೆ ಇನ್ನೊಂದು ಹರಳನ್ನು 0.5 ಮೋಲಾರ್ ಪೊಟ್ಯಾಸಿಯಂ ಅಯೋಡೈಡ್‌ನಲ್ಲಿ 30–60 ಸೆಕೆಂಡ್ ಅದ್ದಿ ಪ್ರಯತ್ನಿಸಿ. ಆ ತರಂಗಾಂತರದಲ್ಲಿ ಅಯೋಡಿನ್‌ನ ಅನಾಮಲಸ್ ಸಿಗ್ನಲ್ ಸುಮಾರು 6.8 ಇಲೆಕ್ಟ್ರಾನ್. ಸ್ಯಾಡ್‌ಗೆ ಡೇಟಾ ತೆಗೆಯುವಾಗ ಒಂದೇ ಹರಳಿನಿಂದ ಹೆಚ್ಚು ಡಿಗ್ರಿ, ಕಡಿಮೆ ಎಕ್ಸ್‌ಪೋಷರ್ ಇಟ್ಟುಕೊಳ್ಳಿ, ಯಾಕೆಂದರೆ ಕಿರಣದ ಪೆಟ್ಟಿಗೆ ಪಾದರಸ–ಗಂಧಕ ಬಂಧ ಬೇಗ ಕಳಚುತ್ತದೆ.